ಕ್ರೂಸ್ ಹಡಗಲ್ಲಿ ಕೆಲಸಕ್ಕೆ ಹೋಗ್ಬೇಕಾ ಬೇಡ್ವಾ? ಸೈನ್ ಹಾಕೋ ಮುಂಚೆ ಲೆಕ್ಕ ಹಾಕೋದು ಹೀಗೆ

ಕ್ರೂಸ್ ಹಡಗಿನ ಕೆಲಸ ಅಂದ ತಕ್ಷಣ ಎರಡೇ ತರದ ಮಾತು ಕೇಳ್ಸೋದು. ಒಬ್ರು "ಊಟ ಫ್ರೀ, ರೂಮ್ ಫ್ರೀ, ಪುಕ್ಸಟ್ಟೆ ಪ್ರಪಂಚ ಸುತ್ಬಹುದು, ಡಾಲರಲ್ಲಿ ಸಂಬಳ" ಅಂತಾರೆ. ಇನ್ನೊಬ್ರು "ಅದು ತೇಲೋ ಜೈಲು ಕಣ್ರೀ" ಅಂತಾರೆ. ಇಬ್ರೂ ಸುಳ್ಳು ಹೇಳ್ತಿಲ್ಲ, ಇಬ್ರೂ ಮಾಡಿದ ಕೆಲಸ ಬೇರೆ ಬೇರೆ ಇರುತ್ತೆ ಅಷ್ಟೇ. ಅದಕ್ಕೇ ಎಷ್ಟು ಸಂಬಳ ಅಂತ ಕೇಳೋಕಿಂತ ಮುಂಚೆ ಮಾಡ್ಬೇಕಾದ ಕೆಲಸ ಒಂದಿದೆ.

ಹೆಜ್ಜೆ 1: ಯಾವ ಪೋಸ್ಟು ಅನ್ನೋದು ಗಟ್ಟಿ ಮಾಡ್ಕೊಳ್ಳಿ

ಹಡಗಲ್ಲಿ ಡೆಕ್, ಇಂಜಿನ್, ಹೋಟೆಲ್ ಅಂತ ಮೂರು ದೊಡ್ಡ ಡಿಪಾರ್ಟ್‌ಮೆಂಟು. ನಾವು ಹಡಗಿನ ಕೆಲಸ ಅಂದ್ರೆ ಚುಕ್ಕಾಣಿ, ಇಂಜಿನ್ ಅಂದ್ಕೋತೀವಿ, ಆದ್ರೆ ಕ್ರೂಸಲ್ಲಿ ಜಾಸ್ತಿ ಜನ ಇರೋದು ಹೋಟೆಲ್ ಕಡೆನೇ. 2024ರ ಜನವರಿಯಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದಿ ಸೀಸ್ ಅನ್ನೋ ಹಡಗು ತುಂಬಿದ್ರೆ ಸುಮಾರು 7,600 ಪ್ರಯಾಣಿಕರು, ಅವ್ರನ್ನ ನೋಡ್ಕೊಳ್ಳೋಕೆ 2,350ರ ಆಸುಪಾಸು ಸಿಬ್ಬಂದಿ. ಅಷ್ಟು ಜನಕ್ಕೆ ಅಡುಗೆ ಮಾಡೋದು, ಬಡಿಸೋದು, ಹಾಸಿಗೆ ಹಾಸೋದು, ಬಟ್ಟೆ ಒಗೆಯೋದು ಎಲ್ಲಾ ಯಾರೋ ಮಾಡ್ಲೇಬೇಕಲ್ಲ.

ಇಲ್ಲೇ ವ್ಯತ್ಯಾಸ ಇರೋದು. ಅಂಗಡಿ, ಕ್ಯಾಸಿನೋದಲ್ಲಿ ಕೆಲಸ ಮಾಡೋರಿಗೆ ಹಡಗು ಬಂದರಲ್ಲಿ ನಿಂತಾಗ ಸಾಮಾನ್ಯವಾಗಿ ರಜಾ ಇದ್ದಂಗೆ, ಯಾಕಂದ್ರೆ ಆ ದೇಶದ ಸುಂಕ, ಜೂಜಿನ ಕಾನೂನಿಂದ ಅವನ್ನ ಮುಚ್ಚಿರ್ತಾರೆ, ಇವ್ರು ಆರಾಮಾಗಿ ಇಳ್ದು ಊರು ನೋಡ್ಕೊಂಡು ಬರ್ತಾರೆ. ಕ್ಯಾಬಿನ್ ಕ್ಲೀನ್ ಮಾಡೋರಿಗೆ ಉಲ್ಟಾ. ಹಳೇ ಪ್ರಯಾಣಿಕರು ಇಳ್ದು ಹೊಸಬ್ರು ಹತ್ತೋ ದಿನ ಬೆಳಗ್ಗೆಯಿಂದ ಮಧ್ಯಾಹ್ನದ ಒಳಗೆ ಎಲ್ಲಾ ರೂಮೂ ಹೊಸದಾಗಿ ಕಾಣ್ಬೇಕು, ಆ ದಿನ ಹಡಗು ಯಾವ ಊರಲ್ಲಿ ನಿಂತಿದೆ ಅಂತ ನೋಡೋಕೂ ಪುರುಸೊತ್ತಿರಲ್ಲ. ಡ್ಯಾನ್ಸರ್, ಹಾಡೋರು, ಮಕ್ಕಳನ್ನ ಆಡಿಸೋರು ಎಷ್ಟೋ ಹಡಗಲ್ಲಿ ಡ್ಯೂಟಿ ಮುಗಿದ್ಮೇಲೂ ಗೆಸ್ಟ್ ಇರೋ ಜಾಗದಲ್ಲಿ ಓಡಾಡ್ಬಹುದು, ಪಾತ್ರೆ ತೊಳೆಯೋರಿಗೆ ಅದಿಲ್ಲ. ಪ್ರಪಂಚ ನೋಡೋ ಆಸೆಗೇ ಹೋಗ್ತಿದ್ರೆ ಪೋಸ್ಟ್ ನೋಡ್ಕೊಂಡು ಹೋಗಿ, ಇಲ್ಲಾಂದ್ರೆ ಪ್ರಪಂಚ ಎಲ್ಲಾ ಸುತ್ತಿ ಬಂದು ನೋಡಿದ್ದು ಮಾತ್ರ ಬೆಡ್‌ಶೀಟು ಅನ್ನೋಂಗಾಗುತ್ತೆ.

ಇನ್ನೊಂದು ವಿಷ್ಯ, ಸ್ಪಾ, ಅಂಗಡಿ ತರದ್ದನ್ನ ತುಂಬಾ ಹಡಗಲ್ಲಿ ಬೇರೆ ಕಂಪನಿ ನಡೆಸುತ್ತೆ. ಅಲ್ಲಿ ಕಮಿಷನ್ ಮೇಲೆ ದುಡಿಮೆ, ಟಾರ್ಗೆಟ್ ಬೇರೆ ಇರುತ್ತೆ. ಮಾರೋ ಕಲೆ ಇಲ್ದಿದ್ರೆ ಕಷ್ಟ.

ಹೆಜ್ಜೆ 2: ಗಂಟೆ ಎಣಿಸಿ

ಹಡಗಿನ ಕೆಲಸಗಾರರಿಗೆ ಅಂತಾನೇ ಒಂದು ಅಂತಾರಾಷ್ಟ್ರೀಯ ಒಪ್ಪಂದ ಇದೆ, 2006ರಲ್ಲಿ ಮಾಡಿದ್ದು, 2013ರ ಆಗಸ್ಟ್ 20ರಿಂದ ಜಾರಿಗೆ ಬಂತು, ಎಂಎಲ್‌ಸಿ ಅಂತ ಕರೀತಾರೆ. ಈ ಹೆಸರು ನೆನಪಲ್ಲಿಟ್ಕೊಳ್ಳಿ, ಮುಂದೆ ಏಜೆಂಟ್ ಹತ್ರ ಮಾತಾಡುವಾಗ ಬೇಕಾಗುತ್ತೆ. ಅದರ ಪ್ರಕಾರ ಒಂದು ದೇಶ ಎರಡರಲ್ಲಿ ಒಂದು ಅಳತೆ ಇಟ್ಕೋಬಹುದು. ಕೆಲಸದ ಅಳತೆ ಅಂದ್ರೆ 24 ಗಂಟೆಲಿ 14, ವಾರಕ್ಕೆ 72 ಗಂಟೆ ಮೀರಂಗಿಲ್ಲ. ವಿಶ್ರಾಂತಿ ಅಳತೆ ಅಂದ್ರೆ 24 ಗಂಟೆಲಿ ಕನಿಷ್ಠ 10, ವಾರಕ್ಕೆ 77 ಗಂಟೆ ಬಿಡುವು ಕೊಡ್ಬೇಕು.

ಕೇಳೋಕೆ ಪರವಾಗಿಲ್ಲ ಅನ್ಸುತ್ತೆ. ಆದ್ರೆ ಆ 10 ಗಂಟೆನ ಎರಡು ತುಂಡು ಮಾಡ್ಬಹುದು, ಒಂದು ತುಂಡು 6 ಗಂಟೆ ಇದ್ರೆ ಸಾಕು. ಅಂದ್ರೆ ರಾತ್ರಿ ಒಂದು ಗಂಟೆಗೆ ಬಾರ್ ಮುಚ್ಚಿ ಬಂದವನು ಬೆಳಗ್ಗೆ ಏಳಕ್ಕೆ ಮತ್ತೆ ಡ್ಯೂಟಿಲಿ ನಿಂತಿದ್ರೂ, ಉಳಿದ ನಾಲ್ಕು ಗಂಟೆ ಹಗಲಲ್ಲಿ ಕೊಟ್ರೆ ಕಾಗದದ ಮೇಲೆ ಎಲ್ಲಾ ಸರಿನೇ. ಆ ಆರು ಗಂಟೆಲೇ ಸ್ನಾನ, ಮನೆಗೆ ಫೋನು, ನಿದ್ದೆ ಎಲ್ಲಾ ಆಗ್ಬೇಕು. ಹೋಟೆಲ್ ಕಡೆ ವಾರದ ರಜಾ ಅನ್ನೋದು ಸಾಮಾನ್ಯವಾಗಿ ಇರಲ್ಲ, ಕಾಂಟ್ರಾಕ್ಟ್ ಶುರುವಾದ ದಿನದಿಂದ ಮುಗಿಯೋವರೆಗೂ ದಿನಾ ಡ್ಯೂಟಿ, ಆರರಿಂದ ಒಂಬತ್ತು ತಿಂಗಳು ಹಿಂಗೇ. ಇದರ ಮೇಲೆ ಹಡಗು ಪೂರ್ವಕ್ಕೆ ಹೊರಟ್ರೆ ಗಡಿಯಾರ ಒಂದೊಂದೇ ಗಂಟೆ ಮುಂದಕ್ಕೆ ಹೋಗುತ್ತೆ, ಅಟ್ಲಾಂಟಿಕ್ ದಾಟುವಾಗ ಹಿಂಗೆ ಎಷ್ಟೋ ರಾತ್ರಿ ಒಂದು ಗಂಟೆ ನಿದ್ದೆ ಮಾಯ! ಪಶ್ಚಿಮಕ್ಕೆ ಹೋಗುವಾಗ ಅದೇ ಒಂದು ಗಂಟೆ ವಾಪಸ್ ಸಿಗುತ್ತೆ, ಕೆಳಗಿನ ಡೆಕ್ಕಲ್ಲಿರೋರಿಗೆ ಅದಕ್ಕಿಂತ ದೊಡ್ಡ ಬೋನಸ್ ಇಲ್ಲ.

ಹೆಜ್ಜೆ 3: ಸಂಬಳನ ವರ್ಷದ ಮೇಲೆ ಹರಡಿ ನೋಡಿ

ತುಂಬಾ ಜನ ಎಡವೋದು ಇಲ್ಲೇ. ತಿಂಗಳಿಗೆ 100 ಕೊಡ್ತಾರೆ ಅಂತ ಇಟ್ಕೊಳ್ಳಿ. ಎಂಟು ತಿಂಗಳು ದುಡಿದ್ರೆ 800. ಆಮೇಲೆ ಎರಡು ತಿಂಗಳು ಮನೇಲಿ, ಹೋಟೆಲ್ ಪೋಸ್ಟಲ್ಲಿ ಆಗ ಕೈಗೆ ಸಂಬಳ ಬರಲ್ಲ, ರಜಾದ ದುಡ್ಡು ಅಂತ ಬರೋದನ್ನೂ ಹೆಚ್ಚಾಗಿ ತಿಂಗಳ ಸಂಬಳದಲ್ಲೇ ಸೇರಿಸಿರ್ತಾರೆ. ಅಂದ್ರೆ ಹತ್ತು ತಿಂಗಳಿಗೆ 800, ತಿಂಗಳಿಗೆ 80 ಆಯ್ತು. ಆಮೇಲೆ ಗಂಟೆಗೆ ಎಷ್ಟು ಅಂತ ನೋಡೋಕೆ ಆ 800ನ್ನ ಎಂಟು ತಿಂಗಳ ದುಡಿತದಿಂದ, ಅಂದ್ರೆ ತಿಂಗಳಿಗೆ 300ರಂತೆ 2,400 ಗಂಟೆಯಿಂದ ಭಾಗಿಸಿ, ನೆಲದ ಮೇಲಿನ ಕೆಲಸದ ತಿಂಗಳ ಸಂಬಳನ 200 ಗಂಟೆಯಿಂದ ಭಾಗಿಸಿ, ಎರಡನ್ನೂ ಹೋಲಿಸಿ. ಹಿಂಗೆ ಬರೋ ನಂಬರ್‌ಗಳೇ ನಿಜವಾದ ಸಂಬಳ.

ಹಂಗಂತ ಈ ಕೆಲಸದ ಅಸಲಿ ಲಾಭ ಇರೋದೂ ದುಡ್ಡಲ್ಲೇ, ಆದ್ರೆ ಸಂಬಳದಲ್ಲಲ್ಲ, ಉಳಿತಾಯದಲ್ಲಿ. ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ, ಆಫೀಸಿಗೆ ಹೋಗೋ ಬಸ್ ಖರ್ಚಿಲ್ಲ, ಡ್ಯೂಟಿ ಎರಡು ಮಹಡಿ ಮೇಲಿರುತ್ತೆ. ಊಟ, ಕುಡಿಯೋ ನೀರು ಉಚಿತವಾಗಿ ಕೊಡ್ಬೇಕು ಅಂತ ಎಂಎಲ್‌ಸಿಲೇ ಇದೆ. ಖರ್ಚು ಮಾಡೋಕೆ ಟೈಮೇ ಸಿಗಲ್ಲ ಅನ್ನೋದು ಒಂದು ತರದಲ್ಲಿ ವರ. ದುಡ್ಡು ಸೋರಿ ಹೋಗೋ ತೂತು ಎರಡು: ಇಂಟರ್ನೆಟ್ ಪ್ಯಾಕೇಜು, ಇನ್ನೊಂದು ಕ್ರೂ ಬಾರ್, ಅಂದ್ರೆ ಸಿಬ್ಬಂದಿಗೇ ಅಂತ ಇರೋ ಬಾರ್. ಅಲ್ಲಿ ರೇಟ್ ಕಮ್ಮಿ ಅಂತಾನೇ ಜಾಸ್ತಿ ಹೋಗುತ್ತೆ. ಟಿಪ್ಸ್ ಬರೋ ಪೋಸ್ಟಾದ್ರೆ ಖಾತ್ರಿ ಸಂಬಳ ಎಷ್ಟು, ಟಿಪ್ಸ್ ನಂಬ್ಕೊಂಡು ಹೇಳ್ತಿರೋದು ಎಷ್ಟು ಅಂತ ಬೇರೆ ಬೇರೆ ಕೇಳಿ, ಎರಡೂ ಒಟ್ಟಿಗೆ ಕೂಡಿಸಿ ಹೇಳೋದು ಹಳೇ ಆಟ. ಟ್ಯಾಕ್ಸ್ ನಿಮ್ಮ ದೇಶದ ಕಾನೂನಿನ ಪ್ರಕಾರ, ಅದನ್ನ ತಿಳಿದವ್ರ ಹತ್ರಾನೇ ಕೇಳಿ.

ಹೆಜ್ಜೆ 4: ಏಜೆಂಟ್ ಹತ್ರ ಹೋದಾಗ

ಕೆಲಸ ಕೊಡಿಸೋಕೆ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಎದ್ದು ಬನ್ನಿ. ಎಂಎಲ್‌ಸಿ ಪ್ರಕಾರ ಕೆಲಸಗಾರನ ಹತ್ರ ಕಮಿಷನ್ ತಗೊಳ್ಳೋ ಹಂಗೇ ಇಲ್ಲ. ಮೆಡಿಕಲ್ ಸರ್ಟಿಫಿಕೇಟು, ಸೀಮನ್ ಬುಕ್ಕು (ಹಡಗಿನ ಕೆಲಸಗಾರರ ದಾಖಲೆ ಪುಸ್ತಕ), ಪಾಸ್‌ಪೋರ್ಟು ಇಷ್ಟರ ಖರ್ಚು ನಿಮ್ಮದಾಗ್ಬಹುದು, ವೀಸಾ ಖರ್ಚು ಹಡಗಿನ ಮಾಲೀಕರದ್ದು. ಮೆಡಿಕಲ್ ಹೆಚ್ಚಂದ್ರೆ ಎರಡು ವರ್ಷ ನಡೆಯುತ್ತೆ. ಜೊತೆಗೆ ಎಸ್‌ಟಿಸಿಡಬ್ಲ್ಯು (ಹಡಗಿನ ಸಿಬ್ಬಂದಿ ತರಬೇತಿಗೆ ಇರೋ ಅಂತಾರಾಷ್ಟ್ರೀಯ ಒಪ್ಪಂದ) ಬೇಸಿಕ್ ಟ್ರೈನಿಂಗ್ ಕೇಳ್ತಾರೆ, ನೀರಲ್ಲಿ ಬದುಕೋದು, ಬೆಂಕಿ ಆರಿಸೋದು, ಪ್ರಥಮ ಚಿಕಿತ್ಸೆ, ಹಡಗಲ್ಲಿ ನಡ್ಕೊಳ್ಳೋ ರೀತಿ ಇವೆಲ್ಲಾ ಅದ್ರಲ್ಲಿ ಬರುತ್ತೆ.

ಕಾಂಟ್ರಾಕ್ಟ್ ಓದೋಕೆ ಟೈಮ್ ಕೊಡ್ಲೇಬೇಕು, ಒಂದು ಕಾಪಿ ನಿಮ್ಮ ಕೈಗೆ ಬರ್ಲೇಬೇಕು. ಹಡಗು ಯಾವ ದೇಶದ ಬಾವುಟ ಹಾರಿಸುತ್ತೆ ಅಂತ ನೋಡಿ. ಬಹಾಮಾಸ್, ಪನಾಮಾ, ಮಾಲ್ಟಾ ತರದ ದೇಶದಲ್ಲಿ ರಿಜಿಸ್ಟರ್ ಆಗಿರೋವೇ ಜಾಸ್ತಿ, ಹಡಗಿನ ಮೇಲೆ ನಡೆಯೋದು ಮುಖ್ಯವಾಗಿ ಆ ಬಾವುಟದ ಕಾನೂನು. ಕಾಂಟ್ರಾಕ್ಟ್ ಮುಗಿದ್ಮೇಲೆ ಮನೆ ತಲುಪಿಸೋ ಖರ್ಚು ಯಾರದ್ದು ಅನ್ನೋ ಸಾಲು ಹುಡುಕಿ ಓದಿ. ಎರಡು ತಿಂಗಳು ಸಂಬಳ ಕೊಡ್ದೆ ಬಿಟ್ರೆ ಮಾಲೀಕರು ಕೆಲಸಗಾರನ ಕೈಬಿಟ್ಟಂಗೆ ಅಂತ ಎಣಿಸ್ತಾರೆ, ಅಂಥ ಹೊತ್ತಿಗೆ ಅಂತಾನೇ ಮಾಲೀಕರು ವಿಮೆ ತರದ ಭದ್ರತೆ ಇಟ್ಟಿರ್ಬೇಕು. 2017ರಿಂದ ಈ ನಿಯಮ ಇದೆ.

ಹೆಜ್ಜೆ 5: ಕ್ಯಾಬಿನ್ನಲ್ಲಿ ಇರ್ಬಲ್ಲಿರಾ ಅಂತ ನಿಮ್ಮನ್ನೇ ಕೇಳ್ಕೊಳ್ಳಿ

ನೀರಿನ ಮಟ್ಟದ ಕೆಳಗೆ, ಕಿಟಕಿ ಇಲ್ದಿರೋ ರೂಮು, ಒಂದರ ಮೇಲೊಂದು ಬಂಕ್, ಅದಕ್ಕೊಂದು ಪರದೆ. ಆ ಪರದೆಯೇ ನಿಮ್ಮ ಸ್ವಂತ ಮನೆ. ಜೊತೆಗಿರೋನು ಯಾರು, ಯಾವ ದೇಶದವನು, ಗೊರಕೆ ಹೊಡಿತಾನಾ ಅನ್ನೋದೆಲ್ಲಾ ಅದೃಷ್ಟ. ಕೆಳಗೆ ಉದ್ದಕ್ಕೂ ಹೋಗೋ ದೊಡ್ಡ ಕಾರಿಡಾರಿಗೆ ಎಷ್ಟೋ ಹಡಗಲ್ಲಿ ಅಮೆರಿಕದ ಹೆದ್ದಾರಿ ಹೆಸರೇ ಇಟ್ಟಿದಾರೆ, ಐ-95 ಅಂತ, ಯಾಕಂದ್ರೆ ಟ್ರಾಫಿಕ್ಕೂ ಹಂಗೇ ಇರುತ್ತೆ. ಮೆಸ್ ಊಟ ಮೊದಲ ತಿಂಗಳು ಚೆನ್ನಾಗಿರುತ್ತೆ, ಮೂರನೇ ತಿಂಗಳಿಗೆ ಯಾವ ದಿನ ಏನು ಅಂತ ಬಾಯಿಪಾಠ ಆಗಿರುತ್ತೆ.

ಬಂದರಲ್ಲೂ ಸರದಿ ಪ್ರಕಾರ ಒಂದಷ್ಟು ಜನ ಹಡಗಲ್ಲೇ ಉಳೀಬೇಕು, ತುರ್ತು ಪರಿಸ್ಥಿತಿಗೆ. ಗೆಸ್ಟ್ ಜೊತೆ ಪ್ರೀತಿ ಗೀತಿ ಅಂತ ಸಿಕ್ಕಿಬಿದ್ರೆ ಕೆಲಸ ಹೋಯ್ತು ಅಂತಾನೇ ಲೆಕ್ಕ, ಮುಂದಿನ ಬಂದರಲ್ಲಿ ಇಳಿಸ್ತಾರೆ. ಹೊಟ್ಟೆ ಕೆಟ್ರೆ ಮುಚ್ಚಿಡಬೇಡಿ, ಅಮೆರಿಕದ ಬಂದರಿಗೆ ಹೋಗೋ ಹಡಗಿಗೆ ಅಲ್ಲಿನ ಆರೋಗ್ಯ ಇಲಾಖೆಯವ್ರು ಹೇಳ್ದೆ ಕೇಳ್ದೆ ಬಂದು ಶುಚಿತ್ವ ನೋಡಿ 100ಕ್ಕೆ ಮಾರ್ಕ್ಸ್ ಕೊಡ್ತಾರೆ, 85 ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ಫೇಲು, ಅದಕ್ಕೇ ಮ್ಯಾನೇಜರ್‌ಗಳು ಈ ವಿಷ್ಯದಲ್ಲಿ ಹುಲಿ ತರ ಆಡ್ತಾರೆ.

ಇಲ್ಲಿನ ಸ್ನೇಹ ಬೇಗ ಆಗುತ್ತೆ, ಗಟ್ಟಿಯಾಗೂ ಇರುತ್ತೆ, ಎಷ್ಟೋ ಜನಕ್ಕೆ ಮದುವೆ ಆಗಿರೋದೂ ಹಡಗಲ್ಲಿ ಸಿಕ್ಕಿದವ್ರ ಜೊತೆನೇ. ಅತ್ಲಾಗೆ ಮನೇಲಿ ಮದುವೆ, ಸಾವು, ಮಗು ಮೊದಲ ಸಲ ನಡೆದಿದ್ದು ಎಲ್ಲಾ ಫೋನಲ್ಲೇ. ಸಮುದ್ರದ ನಡುವೆ ಇದ್ರೆ ಯಾರಿಗೆ ಏನೇ ಆದ್ರೂ ಮುಂದಿನ ಬಂದರಿನವರೆಗೂ ಕಾಯ್ಬೇಕು.

ಹೆಜ್ಜೆ 6: ಡ್ರಿಲ್ಲನ್ನ ಆಟ ಅಂದ್ಕೋಬೇಡಿ

ಅಪಾಯ ಬಂದ್ರೆ ಏನ್ ಮಾಡ್ಬೇಕು ಅಂತ ಅಭ್ಯಾಸ ಮಾಡ್ಸೋದೇ ಡ್ರಿಲ್. ವೇಟರ್ ಆಗಿ ಸೇರಿದ್ರೂ ಲೈಫ್‌ಬೋಟಿನ ಹತ್ರ ನಿಮಗೊಂದು ಜವಾಬ್ದಾರಿ ಇರುತ್ತೆ. 2012ರ ಜನವರಿ 13ರಂದು ಇಟಲಿ ಕರಾವಳಿಲಿ ಕೋಸ್ಟಾ ಕಾಂಕಾರ್ಡಿಯಾ ಅನ್ನೋ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ರು, ಆ ಕತ್ತಲಲ್ಲಿ ಜನ ದಾರಿ ಕೇಳಿದ್ದು ಅಡುಗೆಯವ್ರನ್ನ, ವೇಟರ್‌ಗಳನ್ನ. 2020ರ ಫೆಬ್ರವರಿಲಿ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನ ಕ್ವಾರಂಟೈನ್ ಮಾಡಿದಾಗ ಪ್ರಯಾಣಿಕರು ರೂಮಲ್ಲಿದ್ರು, ಸಿಬ್ಬಂದಿ ಬಾಗಿಲು ಬಾಗಿಲಿಗೆ ಊಟ ಕೊಡ್ತಿದ್ರು. ಆ ವರ್ಷ ಬಂದರುಗಳು ಮುಚ್ಚಿದ್ದಕ್ಕೆ ಸಾವಿರಾರು ಕ್ರೂ ತಿಂಗಳುಗಟ್ಟಲೆ ಸಮುದ್ರದಲ್ಲೇ ಸಿಕ್ಕಾಕೊಂಡ್ರು.

ಹೆಜ್ಜೆ 7: ಹತ್ತೋ ಮುಂಚೆ ಇಳಿಯೋ ತಾರೀಖು ಬರ್ಕೊಳ್ಳಿ

ಸಾಲ ತೀರಿಸೋಕೆ ಎರಡು ಕಾಂಟ್ರಾಕ್ಟ್, ಸೈಟಿಗೆ ಮೂರು, ಹಿಂಗೆ ಏನೋ ಒಂದು ಲೆಕ್ಕ ಇರ್ಲಿ. ನನ್ನ ಕೇಳಿದ್ರೆ ಲೆಕ್ಕ ಇಟ್ಕೊಂಡು ಹೋಗೋರಿಗೆ ಇದು ಒಳ್ಳೇ ಕೆಲಸ, ಇಲ್ಲಿ ಏನೂ ಸಿಕ್ತಿಲ್ಲ ಅಂತ ಹೋಗೋರಿಗೆ ಅಲ್ಲ. ಮೊದಲ ಆರು ವಾರ ಎಲ್ಲರಿಗೂ ಬಿಟ್ಟು ಬರೋಣ ಅನ್ಸುತ್ತೆ, ಆಗ ತೀರ್ಮಾನ ಮಾಡಬೇಡಿ, ಮೂರನೇ ತಿಂಗಳಲ್ಲಿ ಮಾಡಿ.

ಹೋಗೋದು ಅಂತ ಆದ್ರೆ ಬ್ಯಾಗಲ್ಲಿ ಎರಡು ಜೊತೆ ಒಳ್ಳೇ ಕಪ್ಪು ಶೂ ಇಡಿ, ಹಿಂದೆ ಮುಂದೆ ನೋಡದೆ ಅದಕ್ಕೆ ದುಡ್ಡು ಹಾಕಿ. ಐರನ್ ಬಾಕ್ಸ್ ತಗೊಂಡು ಹೋಗಬೇಡಿ, ಹತ್ತುವಾಗಲೇ ಕಿತ್ಕೋತಾರೆ. ಒಂದು ಹತ್ತು ಮ್ಯಾಗ್ನೆಟ್ ಹುಕ್ ತಗೊಳ್ಳಿ, ಹೆಚ್ಚಿನ ಹಡಗಲ್ಲಿ ಕ್ಯಾಬಿನ್ ಗೋಡೆ ಕಬ್ಬಿಣದ್ದು, ಒದ್ದೆ ಟವಲ್ ನೇತು ಹಾಕೋಕೆ ಬೇರೆ ಜಾಗ ಸಿಗಲ್ಲ.