ಹೀಟರ್ ಹಚ್ಚುವ ಮೊದಲು ಅರ್ಧ ಗಂಟೆ

ಚಳಿ ಶುರುವಾದ ದಿನ ಮೂಲೆಯಲ್ಲಿದ್ದ ಗ್ಯಾಸ್ ಹೀಟರ್ ಎಳೆದು ತಂದು, ಮೇಲೆ ಹೊದಿಸಿದ್ದ ಬಟ್ಟೆ ತೆಗೆದು, ಸೀದಾ ಹಚ್ಚಿಬಿಡುತ್ತೇವೆ ಅಲ್ವಾ? ನಾನೂ ಎಷ್ಟೋ ವರ್ಷ ಹೀಗೇ ಮಾಡಿದ್ದೇನೆ. ಮೊದಲ ಹತ್ತು ನಿಮಿಷ ಒಂಥರಾ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಹೋಗುತ್ತದೆ ಅಂತ ಸುಮ್ಮನಿದ್ದುಬಿಡುತ್ತಿದ್ದೆ. ತಿಂಗಳುಗಟ್ಟಲೆ ಕೂತ ಧೂಳು ಸುಟ್ಟು ಬರುವ ವಾಸನೆ ಅದು. ಸುಟ್ಟು ಹೋಗುವ ಧೂಳಿನಿಂದ ತೊಂದರೆ ಕಡಿಮೆ. ಬರ್ನರಿಗೆ ಗಾಳಿ ಹೋಗುವ ದಾರಿಯಲ್ಲಿ ಕೂತ ಧೂಳೇ ಅಪಾಯ. ಗಾಳಿ ಸಾಲದಿದ್ದರೆ ಗ್ಯಾಸ್ ಪೂರ್ತಿ ಉರಿಯುವುದಿಲ್ಲ. ಮಸಿ ಕಟ್ಟುತ್ತದೆ, ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ.

ಕೈ ಹಾಕುವ ಮೊದಲು ಗ್ಯಾಸ್ ಬಂದ್ ಮಾಡಿ. ಸಿಲಿಂಡರ್ ಆದರೆ ರೆಗ್ಯುಲೇಟರ್, ಪೈಪಿನ ಗ್ಯಾಸ್ ಆದರೆ ಗೋಡೆಯ ಹತ್ತಿರದ ವಾಲ್ವ್. ಫ್ಯಾನ್ ಇರುವ ಹೀಟರ್ ಆದರೆ ಪ್ಲಗ್ಗೂ ಕೀಳಿ. ಈಗಷ್ಟೇ ಉರಿದಿದ್ದರೆ ಪೂರ್ತಿ ತಣ್ಣಗಾಗಲಿ. ಮುಂದಿನ ಜಾಲರಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ಹಿಂದೆ, ಕೆಳಗೆ ಗಾಳಿ ಹೋಗುವ ಸಂದುಗಳ ಧೂಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಿರಿ. ಅದಿಲ್ಲದಿದ್ದರೆ ಬಣ್ಣ ಹೊಡೆಯುವ ಮೆತ್ತನೆಯ ಒಣ ಬ್ರಷ್ ಸಾಕು. ಬಾಯಿಂದ ಊದಬೇಡಿ, ಧೂಳು ಇನ್ನೂ ಒಳಗೆ ಹೋಗುತ್ತದೆ. ಕೆಂಪಗೆ ಕಾಯುವ ಬಿಳಿ ಪಿಂಗಾಣಿ ಹಲಗೆಗಳಿರುತ್ತವಲ್ಲ, ಅವುಗಳ ತಂಟೆಗೆ ಹೋಗಬೇಡಿ. ನೀರು ಬೇಡ, ಉಜ್ಜುವುದೂ ಬೇಡ. ಬಿರುಕು ಕಂಡರೆ ಅದನ್ನು ಬದಲಾಯಿಸುವ ತನಕ ಹೀಟರ್ ಹಚ್ಚಲೇಬೇಡಿ.

ಬರ್ನರಿನ ಬಾಲದಲ್ಲಿ, ಗ್ಯಾಸಿನ ಜೊತೆ ಗಾಳಿ ಸೇರುವ ತೂತಿನಲ್ಲಿ, ಜೇಡ ಬಲೆ ಕಟ್ಟುತ್ತದೆ. ಇಡೀ ಮನೆ ಬಿಟ್ಟು ಅಲ್ಲೇ ಏಕೆ ಅಂತ ಜೇಡವನ್ನೇ ಕೇಳಬೇಕು! ಒಂದೆಳೆ ಬಲೆ ಸಾಕು, ಉರಿ ಕೆಡಲು. ಹೊರಗಿನಿಂದ ಕಾಣುವ ಬಲೆಯನ್ನು ನೀವೇ ತೆಗೆಯಿರಿ. ಒಳಗಿದ್ದರೆ ಮೆಕ್ಯಾನಿಕ್ಕೇ ಬರಲಿ.

ಇದನ್ನು ಪೆಟ್ಟು ತಿಂದೇ ಹೇಳುತ್ತಿದ್ದೇನೆ. ಒಮ್ಮೆ ಉರಿ ಸಣ್ಣಗಾಯಿತು ಅಂತ ಗ್ಯಾಸ್ ಬರುವ ಸಣ್ಣ ತೂತಿಗೆ ಗುಂಡುಸೂಜಿ ಹಾಕಿ ತಿರುಗಿಸಿದ್ದೆ. ಸಂಜೆ ಹಚ್ಚಿದರೆ ಉರಿ ಗೇಣುದ್ದ ಹಳದಿಯಾಗಿ ಎದ್ದಿತು, ಜಾಲರಿಗೆಲ್ಲ ಮಸಿ. ಹಿತ್ತಾಳೆಯ ಆ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸ್ ಜಾಸ್ತಿ ನುಗ್ಗುತ್ತದೆ, ಲೆಕ್ಕ ತಪ್ಪುತ್ತದೆ. ರಿಪೇರಿಗೆ ಬಂದ ಹುಡುಗ ಆ ಸೂಜಿಯನ್ನೇ ಕೈಯಲ್ಲಿ ಹಿಡಿದು, "ಅಮ್ಮಾ, ಇದನ್ನ ಸೀರೆಗೆ ಚುಚ್ಚಿಕೊಳ್ಳಿ, ಇಲ್ಲಿಗೆ ಬೇಡ" ಅಂದ.

ಇನ್ನು ಪೈಪು. ರಬ್ಬರ್ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಿ. ಬಗ್ಗಿಸಿದ ಕಡೆ ಸಣ್ಣ ಗೆರೆಗಳು ಕಂಡರೆ, ಗಟ್ಟಿಯಾಗಿದ್ದರೆ, ಇಲ್ಲವೇ ಮೇಲೆ ಒತ್ತಿದ ತಾರೀಕು ದಾಟಿದ್ದರೆ ಬದಲಾಯಿಸಿ. ಬೆಲೆ ನೋಡಬೇಡಿ. ಹೊಸದಾಗಿ ಜೋಡಿಸಿದ ಮೇಲೆ ಪಾತ್ರೆ ತೊಳೆಯುವ ಸೋಪನ್ನು ನೀರಲ್ಲಿ ಕಲಸಿ, ಹೀಟರಿನ ಗುಂಡಿ ಮುಚ್ಚಿಯೇ ಇಟ್ಟು, ರೆಗ್ಯುಲೇಟರ್ ತೆರೆದು, ಪ್ರತಿ ಜೋಡಣೆಗೂ ಹಚ್ಚಿ. ಗುಳ್ಳೆ ಬೆಳೆಯುತ್ತಾ ಬಂದರೆ ಅಲ್ಲಿ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ನೋಡುವವರಿದ್ದಾರೆ, ಅವರಿಗೆ ಏನು ಹೇಳುವುದು! ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ಕೂರುತ್ತದೆ. ನಿಂತಾಗ ವಾಸನೆ ಬರಲಿಲ್ಲ ಅಂತ ನೆಮ್ಮದಿಯಾಗಿರಬೇಡಿ. ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟಬೇಡಿ, ಹಾಕುವುದಕ್ಕೂ ಆರಿಸುವುದಕ್ಕೂ. ಗ್ಯಾಸ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಹೋಗಿ. ಫೋನ್ ಮಾಡುವುದೆಲ್ಲ ಹೊರಗೆ ಹೋದ ಮೇಲೆ.

ಹಚ್ಚಿದ ಮೇಲೆ ಕುರ್ಚಿ ಎಳೆದುಕೊಂಡು ಐದು ನಿಮಿಷ ಉರಿ ನೋಡಿ. ಪೈಲಟ್ ಉರಿ, ಅಂದರೆ ಬರ್ನರನ್ನು ಹಚ್ಚುವ ಸಣ್ಣ ಉರಿ, ನೀಲಿಯಾಗಿ ನೆಟ್ಟಗಿರಬೇಕು. ಪಕ್ಕದಲ್ಲಿ ಬೆರಳಿನಂತೆ ಚಾಚಿಕೊಂಡಿರುವ ಲೋಹದ ಕಡ್ಡಿಯ ತುದಿಗೆ ತಾಗಬೇಕು. ಅದೇ ಥರ್ಮೋಕಪಲ್. ಅದು ಬಿಸಿಯಾಗಿದ್ದರೆ ಮಾತ್ರ ಗ್ಯಾಸ್ ಬರುತ್ತಿರುತ್ತದೆ. ಗುಂಡಿ ಬಿಟ್ಟ ಕೂಡಲೇ ಆರಿಹೋದರೆ ಆ ಕಡ್ಡಿಗೆ ಕೊಳೆ ಕಟ್ಟಿರಬಹುದು, ಅಥವಾ ಅದರ ಆಯುಸ್ಸು ಮುಗಿದಿರಬಹುದು. ಗುಂಡಿಯನ್ನು ಟೇಪ್ ಹಾಕಿ ಒತ್ತಿಡುವ ಜಾಣತನ ಮಾತ್ರ ಬೇಡ. ಪಿಂಗಾಣಿ ಹಲಗೆಗಳು ಒಂದೇ ಸಮ ಕೆಂಪಾಗಬೇಕು. ಒಂದು ಕಡೆ ಮಂಕಾಗಿದ್ದರೂ, ಹಳದಿ ನಾಲಿಗೆ ಆಡಿದರೂ ಆರಿಸಿಬಿಡಿ.

ಕೆಲವು ಹೀಟರುಗಳಲ್ಲಿ ಕೋಣೆಯ ಗಾಳಿಯನ್ನು ಕಾಯುವ ಸೆನ್ಸರ್ ಇರುತ್ತದೆ. ಗಾಳಿಯಲ್ಲಿ ಆಮ್ಲಜನಕ ಮಾಮೂಲಾಗಿ ಶೇಕಡಾ 21ರಷ್ಟು. ಅದು 18ರ ಆಸುಪಾಸಿಗೆ ಇಳಿದರೆ ಹೀಟರ್ ತಾನೇ ಆರುತ್ತದೆ. ಮತ್ತೆ ಮತ್ತೆ ಆರುತ್ತಿದ್ದರೆ ಹೀಟರನ್ನು ಬೈಯುವ ಮೊದಲು ಕಿಟಕಿ ತೆರೆಯಿರಿ. ನಮ್ಮಲ್ಲಿ ಎರಡು ಬೆರಳಷ್ಟು ಕಿಟಕಿ ಯಾವಾಗಲೂ ತೆರೆದೇ ಇರುತ್ತದೆ. ಚಳಿ ಬರುತ್ತದೆ ಅಂತ ಮಕ್ಕಳು ಗೊಣಗುತ್ತಾರೆ, ಗೊಣಗಲಿ. ರಾತ್ರಿ ಹಚ್ಚಿಟ್ಟು ಮಲಗುವುದು ಬೇಡವೇ ಬೇಡ. ಕೂತಲ್ಲೇ ತಲೆನೋವು, ವಾಕರಿಕೆ, ತಲೆಸುತ್ತು ಬಂದು, ಹೊರಗೆ ಹೋದ ಕೂಡಲೇ ಹಗುರವಾದರೆ ಅದನ್ನು ಶೀತ ಅಂತ ತಳ್ಳಿಹಾಕಬೇಡಿ. ಹೀಟರ್ ಆರಿಸಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಇಟ್ಟುಕೊಳ್ಳಿ, ತಿಂಗಳಿಗೊಮ್ಮೆ ಅದರ ಗುಂಡಿ ಒತ್ತಿ ಸದ್ದು ಕೇಳಿ. ಹೊಗೆ ಕೊಳವೆ ಇರುವ ಹೀಟರ್ ಆದರೆ ಹೊರಗಿನ ಬಾಯಲ್ಲಿ ಹಕ್ಕಿ ಗೂಡು ಕಟ್ಟಿದೆಯೇ ನೋಡಿ.

ಪರದೆ, ಸೋಫಾ, ಒಣಗಲು ಹಾಕಿದ ಬಟ್ಟೆ ಎಲ್ಲ ಒಂದು ಮೀಟರ್ ಆಚೆ ಇರಲಿ. ವರ್ಷಕ್ಕೊಮ್ಮೆ ಗೊತ್ತಿರುವ ಮೆಕ್ಯಾನಿಕ್ಕಿನಿಂದ ಸರ್ವೀಸ್ ಮಾಡಿಸಿ. ನಾನು ಹೀಟರಿನ ಹಿಂದೆ ಟೇಪಿನ ಚೂರಿಗೆ ಆ ತಾರೀಕು ಬರೆದು ಅಂಟಿಸುತ್ತೇನೆ. ಚಳಿ ಮುಗಿದ ಮೇಲೆ ಹಳೇ ಹತ್ತಿ ಸೀರೆಯಲ್ಲಿ ಸುತ್ತಿ ಇಡುವಾಗ ಆ ಚೂರು ಕಣ್ಣಿಗೆ ಬೀಳುತ್ತದೆ, ಮುಂದಿನ ಸಲ ಯಾವಾಗ ಕರೆಸಬೇಕು ಅಂತ ಕ್ಯಾಲೆಂಡರಿನಲ್ಲಿ ಆಗಲೇ ಗುರುತು ಹಾಕುತ್ತೇನೆ.