ಮೂರು ಜೋಳ, ಒಂದೇ ಹೊಲ: ಬೀಜ ಉಳಿಸಿಕೊಂಡ ನನ್ನ ಅನುಭವ

ಸಿರಿಧಾನ್ಯ ಅಂದ್ರೆ ಈಗ ಎಲ್ಲರಿಗೂ ನವಣೆ, ಸಾವೆ ನೆನಪಾಗುತ್ತವೆ. ಜೋಳವೂ ಅದೇ ಗುಂಪಿನದು ಅಂದ್ರೆ ಬೆಂಗಳೂರಿನ ನಮ್ಮ ನೆಂಟರೇ ನಂಬೋದಿಲ್ಲ. ಭಾರತ ಕೇಳಿಕೊಂಡ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿತು, ಆಮೇಲೆ ಕಲಬುರಗಿ ಜಿಲ್ಲೆಯ ನಮ್ಮ ಆಳಂದ ಕಡೆಗೂ ಜೋಳ ಕೇಳಿಕೊಂಡು ಜನ ಬಂದರು. ಒಳ್ಳೆಯದೇ. ಆದರೆ ಬಂದವರಿಗೆಲ್ಲ ಬೇಕಾಗಿದ್ದು ಬಿಳಿ, ದಪ್ಪ ಕಾಳು. ಅಂದ್ರೆ ಮಾಲದಂಡಿ. 1930ರ ದಶಕದಲ್ಲಿ ಪಕ್ಕದ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆರಿಸಿದ ತಳಿ ಇದು. ಕಪ್ಪು ಮಣ್ಣಿನ ಎರೆ ಹೊಲದ ತೇವದಲ್ಲೇ ಬೆಳೆಯುತ್ತದೆ, ರೊಟ್ಟಿಗೆ ಇದಕ್ಕಿಂತ ಬೇರೆ ಬೇಡ. ನಾನೂ ಜಾಸ್ತಿ ಬಿತ್ತುವುದು ಅದನ್ನೇ.

ಆದರೆ ನಾಗರ ಪಂಚಮಿಗೆ ಅಳ್ಳು, ಅಂದ್ರೆ ಜೋಳದ ಅರಳು, ಹುರಿಯಲು ಅದು ಬರೋದಿಲ್ಲ. ಅದಕ್ಕೆ ಸಣ್ಣ, ಗಟ್ಟಿ ಕಾಳಿನ ಅಳ್ಳಿನ ಜೋಳವೇ ಬೇಕು. ಸೀತನಿ, ಅಂದ್ರೆ ಎಳೆ ತೆನೆ, ಸುಡಲು ಇನ್ನೊಂದು, ಹಾಲುಗಾಳಿನಲ್ಲೇ ಸಿಹಿ ಇರುವಂಥದ್ದು. ತೊಗರಿ, ಸೋಯಾ ಹೆಚ್ಚಾದ ಮೇಲೆ ನಮ್ಮೂರಲ್ಲಿ ಇವೆರಡೂ ಹೋಗಿಬಿಟ್ಟಿದ್ದವು. ಅಳ್ಳಿನ ಬೀಜ ಸಿಕ್ಕಿದ್ದು ಚಿಂಚೋಳಿ ಕಡೆಯ ಒಬ್ಬ ಆಯಿಯ ಹತ್ತಿರ. "ರೊಕ್ಕ ಬ್ಯಾಡ ತಮ್ಮಾ, ಬರೋ ವರ್ಷ ಇಷ್ಟೇ ತಿರುಗಿ ತಂದು ಕೊಡು" ಅಂದರು.

ಕಷ್ಟ ಇರುವುದು ಬಿತ್ತುವುದರಲ್ಲಿ ಅಲ್ಲ, ಬೆರಕೆ ಆಗದಂತೆ ನೋಡಿಕೊಳ್ಳುವುದರಲ್ಲಿ. ಜೋಳ ಬಹುಪಾಲು ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ, ಆದರೂ ಗಾಳಿ ಪಕ್ಕದ ಸಾಲಿನದನ್ನೂ ಸ್ವಲ್ಪ ತಂದು ಹಾಕುತ್ತದೆ. ದೂರ ದೂರ ಬಿತ್ತಲು ನನಗೆ ಅಷ್ಟು ಜಮೀನಿಲ್ಲ. ಹಾಗಾಗಿ ತೆನೆ ಹೊರಗೆ ಬಂದ ಕೂಡಲೇ, ಹೂ ಬಿಡುವ ಮೊದಲೇ, ಬೀಜಕ್ಕೆ ಬೇಕಾದ ತೆನೆಗಳಿಗೆ ಕಾಗದದ ಚೀಲ ಕಟ್ಟುತ್ತೇನೆ. ಹೂ ತುದಿಯಿಂದ ಕೆಳಗೆ ಬಿಡುತ್ತಾ ಬರುತ್ತದೆ, ಹೆಚ್ಚೂಕಡಿಮೆ ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಬಿಚ್ಚಬಾರದು. ಕಾಳು ಕಟ್ಟಿದ ಮೇಲೆ ಬಿಚ್ಚಿ ಹುಳ ಇದೆಯಾ ನೋಡಿ ಮತ್ತೆ ಕಟ್ಟುತ್ತೇನೆ, ಇಲ್ಲಾಂದ್ರೆ ಹಕ್ಕಿ ಬಿಡೋದಿಲ್ಲ. ಹಿಂಗಾರಿಯಲ್ಲಿ ಮಳೆ ಕಡಿಮೆ, ಕಾಗದ ತಾಳುತ್ತದೆ.

ಬೀಜ ಆರಿಸುವುದು ನಿಂತ ಬೆಳೆಯಲ್ಲೇ, ರಾಶಿ ಮಾಡಿದ ಮೇಲೆ ಅಲ್ಲ. ಕಣದಲ್ಲಿ ಕಾಳಷ್ಟೇ ಕಾಣುತ್ತದೆ, ಯಾವ ಗಿಡ ಬಿದ್ದಿತ್ತು, ಯಾವುದಕ್ಕೆ ರೋಗ ಬಂದಿತ್ತು ಗೊತ್ತಾಗೋದಿಲ್ಲ. ಹಾಗಂತ ಎಲ್ಲಕ್ಕಿಂತ ದೊಡ್ಡ ತೆನೆ ಒಂದನ್ನೇ ಹಿಡಿಯಬಾರದು. ಸ್ವಲ್ಪ ಬೇಗ ಬಂದದ್ದು, ಕುಳ್ಳಗಿದ್ದದ್ದು, ಎಲ್ಲವೂ ಇರಲಿ. ಬರ ಬಂದ ವರ್ಷ ಯಾವುದು ಕೈ ಹಿಡಿಯುತ್ತದೋ ಯಾರಿಗೆ ಗೊತ್ತು?

ಮೊದಲು ತೆನೆಯನ್ನು ಒಲೆ ಮೇಲೆ ಹೊಗೆಗೆ ನೇತು ಹಾಕುತ್ತಿದ್ದರು. ಈಗ ಗ್ಯಾಸ್. ನಾನು ಚೆನ್ನಾಗಿ ಒಣಗಿಸಿ, ಬೂದಿ, ಬೇವಿನ ಎಲೆ ಹಾಕಿ ಗಡಿಗೆಯಲ್ಲಿ ಇಡುತ್ತೇನೆ. ಬಿತ್ತುವ ಮೊದಲು ನೂರು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಎಣಿಸುವುದು.

ಹೈದರಾಬಾದಿಗೆ ಹೋಗುವ ದಾರಿಯಲ್ಲೇ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಅನ್ನೋ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇದೆ, ಅವರ ಶೀತಲ ಕೋಣೆಯಲ್ಲಿ ಜೋಳದ್ದೇ 35,000ಕ್ಕೂ ಹೆಚ್ಚು ಮಾದರಿಗಳಿವೆ. ಇರಲೇಬೇಕು. ಆದರೆ ಅಲ್ಲಿನ ಕಾಳಿಗೆ ನಮ್ಮ ಸುಳಿ ನೊಣ, ನಮ್ಮ ಬರ ಯಾವುದೂ ತಾಗುವುದಿಲ್ಲ, ಹೊಲದಲ್ಲಿ ಬಿತ್ತುವ ಬೀಜವಾದರೆ ಅವನ್ನೆಲ್ಲ ಎದುರಿಸಿ ವರ್ಷ ವರ್ಷ ಬದಲಾಗುತ್ತಾ ಬರುತ್ತದೆ.

ದುಡ್ಡಿನ ವಿಷಯ ಕೇಳಿದರೆ, ಸೀತನಿಯೇ ವಾಸಿ. ಸೊಲ್ಲಾಪುರದ ಕಡೆ ಇದನ್ನೇ ಹುರ್ಡಾ ಅಂತ ಹೊಲಕ್ಕೇ ಬಂದು ಕಾಸು ಕೊಟ್ಟು ತಿಂತಾರೆ. ಅಳ್ಳಿನ ಜೋಳವನ್ನು ಮಾರುವುದಿಲ್ಲ, ಬೀಜಕ್ಕೆ ಬೀಜ ಕೊಡುತ್ತೇನೆ. ಬೇಕಾದವರು ಹಿಂಗಾರಿ ಬಿತ್ತನೆಗೆ ಮೊದಲೇ ಬನ್ನಿ, ತಿನ್ನಲು ಬೇಕಂದ್ರೆ ಮಾತ್ರ ಪಂಚಮಿ ದಾಟಿದ ಮೇಲೆ ನಮ್ಮನೆಯಲ್ಲಿ ಒಂದು ಕಾಳೂ ಸಿಗೋದಿಲ್ಲ.