‘ಮಗೂನ ಕರ್ಕೊಂಡ್ ಹೋಯ್ತೀವಿ’ ಅಂತ ಮನೆಯೋರು ಹಟ ಹಿಡಿದಾಗ

ಮಂಡ್ಯ, ಮೈಸೂರು ಕಡೆ ಮಕ್ಕಳ ವಾರ್ಡಿಗೆ ಹೊಸದಾಗಿ ಡ್ಯೂಟಿಗೆ ಬಂದಿರೋ ಹೌಸ್ ಸರ್ಜನ್‌ಗಳಿಗೆ, ಸಿಸ್ಟರ್‌ಗಳಿಗೆ ಇದು. ‘ಡಿಸ್ಚಾರ್ಜ್ ಮಾಡ್ಬುಡಿ’ ಅಂದ ತಕ್ಷಣ ಡಾಮಾ ಫಾರಂ (ಡಾಕ್ಟ್ರು ಬೇಡ ಅಂದ್ರೂ ನಾವೇ ಕರ್ಕೊಂಡ್ ಹೋಯ್ತೀವಿ ಅಂತ ಸೈನ್ ಹಾಕೋ ಕಾಗದ) ತೆಗ್ದು ಮುಂದಕ್ಕೆ ತಳ್ಬೇಡಿ. ‘ಯಾಕವ್ವ, ಮನೇಲೇನಾಯ್ತು’ ಅಂತ ಕೇಳಿ. ಎಷ್ಟೋ ಸಲ ಕಾಯಿಲೆಗೂ ಅದಕ್ಕೂ ಸಂಬಂಧಾನೇ ಇರಲ್ಲ, ಹಾಲು ಕರೆಯೋರಿಲ್ಲ, ದೊಡ್ಡ ಮಗೂನ ಪಕ್ಕದ್ಮನೇಲಿ ಬಿಟ್ ಬಂದವ್ರೆ, ಕಬ್ಬು ಕಟಾವಿಗೆ ಆಳು ಬಂದವ್ರೆ, ಇಲ್ಲಾ ಕೈಲಿ ಕಾಸಿಲ್ಲ. ಸರ್ಕಾರಿ ಆಸ್ಪತ್ರೇಲಿ 1 ವರ್ಷದೊಳಗಿನ ಕೂಸಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಅನ್ನೋ ಜೆಎಸ್‌ಎಸ್‌ಕೆ ಯೋಜನೇಲಿ ಔಷಧಿ, ಟೆಸ್ಟು, ರಕ್ತ, ಗಾಡಿ ಎಲ್ಲಾ ಫ್ರೀ ಅಂತ ಆಗ್ಲೇ ಹೇಳ್ಬುಡಿ, ಸುಮಾರು ಜನಕ್ಕೆ ಗೊತ್ತಿರಲ್ಲ.

ತೀರ್ಮಾನ ಯಾರ್ದು ಅಂತಾನೂ ನೋಡ್ಕೊಳಿ. ಊರಿಂದ ಫೋನ್ ಮೇಲೆ ಫೋನ್ ಮಾಡ್ತಿರೋದು ಅತ್ತೆಯಾದ್ರೆ ತಾಯಿಗೆ ಅರ್ಧ ಗಂಟೆ ಬುದ್ಧಿ ಹೇಳಿ ಏನ್ ಬಂತು, ಸ್ಪೀಕರ್ ಹಾಕ್ಸಿ ಅಜ್ಜಿ ಹತ್ರಾನೇ ಮಾತಾಡಿ.

ಡೆಂಗಿ ಮಗು ಆದ್ರೆ ಜಾಸ್ತಿ ಹುಷಾರು. ಜ್ವರ ಬಿಡ್ತಲ್ಲ ಅಂತ ಇವ್ರು ಬ್ಯಾಗ್ ಕಟ್ತಾರಲ್ಲ, ಅಪಾಯದ ಹೊತ್ತೇ ಅದು. ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ ಜ್ವರ ಇಳಿಯುತ್ತೆ, ಆವಾಗ್ಲೇ ಕೆಲವು ಮಕ್ಕಳಿಗೆ ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಬೀಳೋದು, ಈ ಸೋರಿಕೆ 24ರಿಂದ 48 ಗಂಟೆ ಇರುತ್ತೆ. ಬರೀ ಪ್ಲೇಟ್‌ಲೆಟ್ ಲೆಕ್ಕ ಹೇಳಿ ಹೆದರಿಸ್ಬೇಡಿ, ಪಪ್ಪಾಯಿ ಎಲೆ ಹುಡ್ಕೊಂಡ್ ಹೋಗ್ತಾರೆ ಅಷ್ಟೇ. ‘ಜ್ವರ ಬಿಟ್ಟು 2 ದಿನ ಕಳೀಲಿ, ಊಟ ಸೇರ್ಲಿ, ಉಚ್ಚೆ ಚೆನ್ನಾಗ್ ಹೋಗ್ಲಿ, ನಾವೇ ಕಳಿಸ್ತೀವಿ’ ಅಂತ ಬಿಡಿಸಿ ಹೇಳಿ. ರೌಂಡ್ಸಲ್ಲಿ ದಿನಾ ‘ನೋಡೋಣ, ನೋಡೋಣ’ ಅನ್ನೋದನ್ನ ಕೇಳಿ ಕೇಳಿ ಸಾಕಾಗೇ ಎಷ್ಟೋ ಜನ ಎದ್ದು ಹೊರಡೋದು.

ಆದ್ರೂ ನಿಲ್ಲಲ್ಲ ಅಂದ್ರೆ ಸೀನಿಯರ್‌ಗೆ ತಿಳ್ಸಿ. ಸೈನ್ ಹಾಕಿದ್ರು ಅಂತ ನಮ್ ಕೆಲ್ಸ ಮುಗಿಯಲ್ಲ, ಏನ್ ಹೇಳಿದ್ವಿ, ಯಾರಿಗೆ ಹೇಳಿದ್ವಿ ಕೇಸ್ ಶೀಟಲ್ಲಿ ಬರೀರಿ, ಬಾಯಿಗೆ ಹಾಕೋ ಔಷಧಿ, ಸಮ್ಮರಿ, ತಿರ್ಗಾ ಬರೋ ದಿನ ಕೊಡಿ, ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ಹಾಲು ನೀರು ಕುಡೀತಿಲ್ಲ, ತಿಂದಿದ್ದೆಲ್ಲಾ ವಾಂತಿ, ಫಿಟ್ಸು, ಉಸಿರು ಎಳೆಯೋದು, ಎಬ್ಬಿಸಿದ್ರೂ ಏಳ್ತಿಲ್ಲ, ಇದ್ರಲ್ಲಿ ಒಂದಾದ್ರೂ 108ಕ್ಕೆ ಫೋನ್ ಮಾಡಿ ಅಂತ ಹೇಳಿ, ಅವ್ರ ಬಾಯಲ್ಲೇ ಒಂದ್ಸಲ ವಾಪಸ್ ಹೇಳಿಸಿ. ವಾಪಸ್ ಬಂದ್ರೆ ‘ಅವತ್ತೇ ಹೇಳಿರ್ಲಿಲ್ವಾ’ ಅನ್ನೋ ಚುಚ್ಚು ಮಾತು ಬೇಡ, ಬೆಡ್ ಕೊಡಿ.

ಆಕ್ಸಿಜನ್ ತೆಗೆದ್ರೆ ಉಳಿಯಲ್ಲ ಅನ್ನೋ ಮಗು ಆದ್ರೆ ಮಾತ್ರ ಈ ಫಾರಂ ಗೀರಂ ಸಾಲಲ್ಲ, ರಾತ್ರಿ ಎಷ್ಟೊತ್ತಾದ್ರೂ ಸೀನಿಯರ್‌ನ ಕರೆಸಿ, 1098 ಮಕ್ಕಳ ಸಹಾಯವಾಣಿಗೂ ತಿಳ್ಸಿ.